ಎತ್ತಲಿಂದ ಓದಬೇಕು ಸಂಜೀವನ ಪುಸ್ತಕ?

ಸಂಜೀವ ಏನು ಕೆಲಸ ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ನಾನು ಇವತ್ತಿಗೂ ತಡವರಿಸುತ್ತೇನೆ. ದೇವದುರ್ಗದ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಆಗ ಅವನು ಮಾಸ್ತರರ ಮೂಗು ಉದ್ದ ಮಾಡಿ ಬರೆದು ಬೆತ್ತದ ಏಟು ತಿನ್ನುತ್ತಿದ್ದ. ಈಗ ಅದೇ ಕೆಲಸ ಮಾಡಿದರೆ ವ್ಯಂಗ್ಯಚಿತ್ರಕಾರ ಎನ್ನುತ್ತಾರೆ. ರಾಯಚೂರಿನಲ್ಲಿ ಒಂದು ಕೋಣೆ ಹಿಡಿದು ಒಂದು ವಾರಪತ್ರಿಕೆಗೆ ಚಿತ್ರ ಬರೆಯುತ್ತಿದ್ದ. ಅದು ಮುಚ್ಚಿತು. ಈಗ ಚಿತ್ರಗಳನ್ನು ಫೋನಿಗೆ ಹಾಕುತ್ತಾನೆ, ಸಾವಿರಾರು ಜನ ನೋಡುತ್ತಾರಂತೆ. ಹೊಟ್ಟೆಪಾಡಿಗೆ ಶಾಲೆಗಳ ಗೋಡೆಯ ಮೇಲೆ ಕೈ ತೊಳೆಯುವ ಮಕ್ಕಳನ್ನು ಬರೆಯುತ್ತಾನೆ. ಅವನ ತಾಯಿ ಅಮರಮ್ಮ ಮಾತ್ರ ತಮ್ಮ ಹಳ್ಳಿ ಮಸರಕಲ್‌ನಲ್ಲಿ ಕೇಳಿದವರಿಗೆಲ್ಲ, "ನಮ್ಮ ಸಂಜು ಪೇಪರಿನ್ಯಾಗ ಅದಾನ" ಎನ್ನುತ್ತಾಳೆ. ಪೇಪರ್ ಮುಚ್ಚಿದ ಸುದ್ದಿಯನ್ನು ಅವನೂ ಹೇಳಿಲ್ಲ, ನಾನೂ ಬಾಯಿ ಬಿಟ್ಟಿಲ್ಲ.

ನನ್ನದು ಮಾನ್ವಿಯಲ್ಲಿ ಜೆರಾಕ್ಸ್ ಮತ್ತು ಪ್ರಿಂಟಿಂಗ್ ಅಂಗಡಿ. ಈ ವರ್ಷ ಭತ್ತದ ನಾಟಿ ಶುರುವಾಗುವ ಹೊತ್ತಿಗೆ ಅವನು ಹಾಳೆಗಳ ದೊಡ್ಡ ಕಟ್ಟು ಹೊತ್ತುಕೊಂಡು ಬಂದ. ವರ್ಷಗಟ್ಟಲೆ ಕೂತು ಬರೆದ ಚಿತ್ರಕಾದಂಬರಿ. ತಿರುವಿ ನೋಡಿದೆ, ಒಂದು ಅಕ್ಷರವೂ ಇಲ್ಲ.

"ಮಾತು ಎಲ್ಲಿ ಹ್ವಾದುವಲೇ?" ಎಂದೆ.

"ನಮ್ಮವ್ವ ಓದಬೇಕಲ್ಲ" ಎಂದ. "ಚಿತ್ರ ನೋಡಿ ಆಕಿ, ಇದು ನಾನಾ ಅದೀನಿ ಅನ್ನಬೇಕು. ಅನ್ನಲಿಲ್ಲಂದ್ರ ಇಷ್ಟು ವರ್ಷ ನಾ ಏನ್ ಮಾಡಿದೆ ಅಂತ ನನಗಾ ತಿಳಿಯಂಗಿಲ್ಲ ಬಸ್ಯಾ."

ಕತೆ ನನಗೆ ಗೊತ್ತಿದ್ದದ್ದೇ. ಸಂಜೀವ ಚಿಕ್ಕವನಿದ್ದಾಗ ಅವನಪ್ಪ ತಾಯಣ್ಣ ಒಂದು ಮುಂಜಾನೆ ರಾಯಚೂರಿನ ಬಸ್ಸು ಹತ್ತಿ ಹೋದವನು ತಿರುಗಿ ಬರಲಿಲ್ಲ. ಹೈದರಾಬಾದಿನಲ್ಲಿದ್ದಾನೆ ಎಂದರು, ಪುಣೆಯಲ್ಲಿ ಇನ್ನೊಂದು ಮನೆ ಮಾಡಿದ್ದಾನೆ ಎಂದರು. ಇವನಿಗೆ ಅಪ್ಪನ ಮುಖ ನೆನಪಿಲ್ಲ, ಹಾಗಾಗಿ ಮುಖವನ್ನೇ ಬರೆದಿರಲಿಲ್ಲ. ನೀರಿನ ತಂಬಿಗೆ ಹಿಡಿದ ಒಂದು ಕೈ, ಚೀಲ, ಬಾಗಿಲಲ್ಲಿ ಚಪ್ಪಲಿ, ನಿಂತ ಬಸ್ಸು. ಅಪ್ಪ ಅಂದರೆ ಇಷ್ಟೇ. ಅಲ್ಲಿಂದ ಮುಂದೆ ಹೊಸ್ತಿಲ ಮೇಲೆ ಕೂತು ಹಾದಿ ನೋಡುವ ಹೆಂಗಸು. ಪುಟ ಪುಟಕ್ಕೂ ಆಕೆಯ ಕೂದಲು ಬೆಳ್ಳಗಾಗುತ್ತ ಹೋಗುತ್ತದೆ.

ಒಂದು ಪ್ರತಿ ತೆಗೆದು, ಬೈಂಡ್ ಮಾಡಿ ಗಲ್ಲಾಪೆಟ್ಟಿಗೆಯ ಮೇಲಿಟ್ಟಿದ್ದೆ. ಸಂಜೀವನೂ ಅಂಗಡಿಯಲ್ಲೇ ಇದ್ದ. ಉರ್ದು ಶಾಲೆಯ ವಾಹಿದಾ ಟೀಚರು ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡಿಸಲು ಬಂದವರು ಅದನ್ನೆತ್ತಿ ನೋಡುತ್ತ ನಿಂತರು. ನೋಡಿ ಮುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಪಾಪ, ಎಷ್ಟು ದಿನ ಹಾದಿ ಕಾಯ್ದಳು! ಕಡೀಗಾದ್ರೂ ಬಂದ ನೋಡ್ರಿ."

"ಯಾರು ಬಂದ್ರು ಟೀಚರ್?"

"ಆಕಿ ಗಂಡ ರೀ! ಬಸ್ಸು ಬಂತು, ಚಪ್ಪಲಿ ಬಿಟ್ಟ, ಚೀಲ ಇಟ್ಟ, ನೀರು ಕುಡಿದ."

ಆಗ ಹೊಳೆಯಿತು. ದಿನವೂ ಉರ್ದು ಓದಿಸುವ ಕೈ, ಬಲಗಡೆಯಿಂದ ಪುಸ್ತಕ ತೆರೆದು ಬಲದಿಂದ ಎಡಕ್ಕೆ ನೋಡುತ್ತ ಹೋಗಿದೆ. ತಡೆಯುವುದಕ್ಕೆ ಒಂದಕ್ಷರವೂ ಇಲ್ಲವಲ್ಲ!

"ಬೆಳ್ಳನ ಕೂದಲು ಕರ್ರಗಾದುವಲ್ರೀ, ಅದ್ಹೆಂಗ?" ಎಂದೆ.

"ಗಂಡ ಬರೋ ಖುಷಿಗಿ ಹರೆಯ ಬಂದದ, ಬಿಡ್ರಿ" ಎಂದು ನಕ್ಕು ಹೋದರು.

ನನಗೂ ನಗು ಬಂದಿತ್ತು. ಸಂಜೀವನ ಮುಖ ನೋಡಿ ನುಂಗಿಕೊಂಡೆ. ಅವನು ಕಾಗದದ ಬಂಡಲಿನ ಮೇಲೆ ಕುಸಿದು ಕೂತು ತನ್ನ ಪುಸ್ತಕವನ್ನು ತಾನೇ ಹಿಂದಿನಿಂದ ತಿರುವುತ್ತಿದ್ದ. "ಅಪ್ಪ ಖರೇನ ಬಂದ ನೋಡಲೇ" ಎಂದ.

ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ಒಂದು ದಿನ ರಾಯಚೂರಿನಿಂದ ಫೋನು ಮಾಡಿ ಎಡದಿಂದಲೇ ಹಾಕು ಎನ್ನುವನು. ಮರುದಿನ, ತಡಿ, ಬಲದಿಂದಾದರೆ ಅವ್ವನಿಗೆ ಸಮಾಧಾನ ಆಗಬಹುದು ಎನ್ನುವನು. ಆಮೇಲೆ, ಬರದವನನ್ನು ಬಂದ ಅನ್ನುವುದು ಸುಳ್ಳಲ್ಲವೇ ಎಂದು ನನ್ನನ್ನೇ ಕೇಳುವನು. ನನಗೇನು ಗೊತ್ತು? ಕೇಳಿ ಕೇಳಿ ನನ್ನ ತಲೆಯೂ ಕೆಟ್ಟು ಹೋಯಿತು.

"ಒಂದಾ ನಿಮ್ಮಪ್ಪನ್ನ ಕಳಸು, ಇಲ್ಲಾ ಕರಕೊಂಡು ಬಾ! ನನ್ನ ಮಷೀನು ಕಾಯ್ಕೋತ ನಿಂತದ" ಎಂದು ರೇಗಿದೆ.

"ಅವ್ವನ್ನಾ ಕೇಳೂಣು" ಎಂದ.

ಭಾನುವಾರ ನನ್ನ ಬೈಕಿನಲ್ಲೇ ಮಸರಕಲ್‌ಗೆ ಹೋದೆವು. ಅಮರಮ್ಮ ಹೆಣ್ಣಾಳುಗಳ ಜೊತೆ ಪೋತ್ನಾಳದ ಕಡೆ ನಾಟಿಗೆ ಹೋದವಳು ಸಂಜೆ ಟಂಟಂ ಆಟೋದಲ್ಲಿ ಬಂದಿಳಿದಳು. ಕೈಕಾಲಿನ ಕೆಸರು ಇನ್ನೂ ಒಣಗಿರಲಿಲ್ಲ. ಕಟ್ಟೆಯ ಮೇಲೆ ಕೂರಿಸಿ ಸಂಜೀವ ಮೊದಲು ಎಡದಿಂದ ತೋರಿಸಿದ, ಆಮೇಲೆ ಬಲದಿಂದ. ಆಕೆ ಎರಡೂ ಸಲ ಕಡೆಯವರೆಗೆ ನೋಡಿದಳು.

"ಯಾವ ಕಡಿಂದ ಹಾಕಲಿ ಯವ್ವಾ?"

ಆಕೆ ಹೊಸ್ತಿಲ ಮೇಲಿನ ಹೆಂಗಸಿನ ಮೇಲೆ ಬೆರಳಿಟ್ಟಳು. "ಈಕಿ ಯಾರು?"

"ನೀನಾ ಬೇ."

"ನಾ ಯಾವಾಗ ಹಿಂಗ ಕುಂತಿದ್ನೋ? ನನಗ ಕುಂದ್ರಾಕ ಪುರುಸೊತ್ತರ ಎಲ್ಲಿತ್ತು? ಹೊತ್ತು ಮುಳುಗೂತನಕ ಮಂದಿ ಹೊಲದಾಗ ಬಗ್ಗಿರತಿದ್ದೆ. ಮನಿಗಿ ಬಂದ್ರ ಹೊಸ್ತಿಲ ಮ್ಯಾಲ ನೀ ಕುಂತಿರತಿದ್ದಿ. ಉಣ್ಣಾಕ ಕರದ್ರೂ ಏಳತಿದ್ದಿಲ್ಲ. ಈಕಿ ಸೀರಿ ಬಿಚ್ಚಿ ಚಡ್ಡಿ ಹಾಕಲೇ, ನೀನಾ ಅದೀ."

ಸಂಜೀವ ಚಿತ್ರವನ್ನೊಮ್ಮೆ ತಾಯಿಯನ್ನೊಮ್ಮೆ ನೋಡಿದ. ಅವನಿಗೆ ಎರಡರಲ್ಲಿ ಒಂದೂ ಗುರುತು ಹತ್ತಿದಂತೆ ಕಾಣಲಿಲ್ಲ.

"ಅಪ್ಪ ಬರಲಿ ಅಂತ ನಿನಗ ಇದ್ದಿಲ್ಲೇನು?"

"ನಿನ್ನ ಮಾರಿ ನೋಡಿ ಬರಲಿ ಅಂತಿದ್ದೆ. ತಂಬಿಗಿ ಹಿಡದ ಕೈ ಬರದೀ ನೋಡು, ಆ ಕೈ ಏನ್ ಮಾಡತಿತ್ತಂತ ನನ್ನ ಬೆನ್ನಿಗಿ ಗೊತ್ತದ. ಅವ ಹ್ವಾದ ದಿನ ನನಗ ಕಣ್ತುಂಬ ನಿದ್ದಿ ಬಂತು ಸಂಜು."

ಅವನು ತೆರೆದ ಪುಟದ ಮೇಲೆ ತಲೆಯಿಟ್ಟು ಚಿಕ್ಕ ಮಕ್ಕಳ ಹಾಗೆ ಅತ್ತುಬಿಟ್ಟ. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಅಮರಮ್ಮ ಕೆಸರಿನ ಕೈಯಲ್ಲೇ ಅವನ ಬೆನ್ನು ಸವರಿದಳು.

"ಸಾಕೇಳು" ಎಂದಳು. "ಇನ್ನಾದ್ರೂ ಒಳಗ ಬಂದು ಉಣ್ಣು."