ಬಾಗಿಲ ಬಳಿಯ ಬೂಟುಗಳು

ಅಮೆರಿಕದ ಹೇವರ್ಡ್, ೧೯೮೪. ಊರಿಂದ ಬಂದ ನಾನಿಳಿದಿರುವುದು ಭಾವನ ಮನೆಯಲ್ಲಿ. ಕನ್ನಡ ಸಂಘದ ಅಧ್ಯಕ್ಷತೆಗೆ ನಿಂತಿರುವ ಅವರು ಇಂದು ತಮ್ಮ ಬಣದವರನ್ನು ಊಟಕ್ಕೆ ಕರೆದಿದ್ದರು. ವೇದಿಕೆಯ ಮೇಲೆ ಇಂಗ್ಲಿಷ್ ಕೂಡದೆನ್ನುವ ಕಟ್ಟಾಳುಗಳು.

"ಉಪಾಧ್ಯಕ್ಷರಾಗಿ ನಮ್ ಜೊತೆ ಡ್ಯಾನ್‌ವಿಲ್‌ನ ಡಾಕ್ಟರ್ ಶಾರದಾ ನಿಲ್ತಾರೆ," ಎಂದರು ಭಾವ.

ಮಕ್ಕಳು ಇಂಗ್ಲಿಷಿನಲ್ಲೂ ನಾಟಕವಾಡಲಿ ಎನ್ನುವಾಕೆ ಆಕೆ. ಒಬ್ಬೊಬ್ಬರಾಗಿ ಚಮಚ ಕೆಳಗಿಟ್ಟರು.

"ಅವರಿಲ್ದೆ ಡ್ಯಾನ್‌ವಿಲ್ ಕಡೆ ವೋಟು ಬೀಳಲ್ಲ ಕಣ್ರಪ್ಪಾ." ಭಾವ ಅಂಗಲಾಚಿದರು.

"ಹಂಗಾದ್ರೆ ನಮ್ಮ ವೋಟು ಬೇಡ ಅನ್ನಪ್ಪ." ಹಿರಿಯರೊಬ್ಬರು ಬಿಸಿಬೇಳೆಬಾತಿನ ತಟ್ಟೆಯನ್ನು ಅರ್ಧಕ್ಕೇ ಇಟ್ಟು ಎದ್ದರು. ಹಿಂದೆಯೇ ಉಳಿದವರೂ ಎದ್ದರು.

ಭಾವ ಯಾರ ಮುಖವನ್ನೂ ನೋಡಲಿಲ್ಲ. ಬಾಗಿಲ ಬಳಿ ಒಂದೊಂದೇ ಜೊತೆ ಕಡಿಮೆಯಾಗುತ್ತಿದ್ದ ಬೂಟುಗಳ ರಾಶಿಯನ್ನೇ ನೋಡುತ್ತಿದ್ದರು. ಕೊನೆಗೆ ಒಂದೇ ಜೊತೆ ಉಳಿಯಿತು.

"ಒಬ್ರಾದ್ರೂ ಉಳಿದ್ರಲ್ಲ," ಎಂದು ಭಾವ ಉಸಿರುಬಿಟ್ಟರು.

ಅಲ್ಲಿ ಉಳಿದಿದ್ದ ಜೊತೆ ನನ್ನದು. ನನಗಿಲ್ಲಿ ವೋಟಿಲ್ಲ.