ಅರ್ಧ ಇಂಚಿನ ಆಟ

ಐವತ್ತರ ದಶಕದ ನಡುವಿನ ಮಾತು. ಮೋಟರ್ ಸೈಕಲ್ಲಿನ ರಿಪೇರಿ ಪುಸ್ತಕ ಹುಡುಕಿಕೊಂಡು ನಾನು ಇಳಕಲ್ಲಿನಿಂದ ಬಾಗಲಕೋಟೆಯ ಬಸ್ಸು ಹತ್ತಿದ ದಿನ, ಹೆಂಡತಿಯ ಬಲಗೈ ಇನ್ನೂ ಪಟ್ಟಿಯಲ್ಲಿತ್ತು. ಹುನಗುಂದದ ದಾರಿಯಲ್ಲಿ ನಾವಿಬ್ಬರೂ ಬಿದ್ದು ಹದಿನೆಂಟು ದಿನಗಳಾಗಿದ್ದವು. ಇಳಿಜಾರಿನಲ್ಲಿ ಮೊದಲು ಸುಟ್ಟ ವಾಸನೆ ಬಂತು. ಆಮೇಲೆ ಹಿಂದಿನ ಚಕ್ರ ಹಿಡಿದುಕೊಂಡಿತು. ನನಗೆ ನೆನಪಿರುವುದು ಇಷ್ಟೇ, ಈ ಕ್ರಮದಲ್ಲೇ.

ದಂಡಿನವರು ಬಳಸಿ ಮಾರಿದ ಹಳೆಯ ಗಾಡಿ, ಅದರ ಹಣೆಬರಹವೇ ಅಷ್ಟು ಎಂದು ನೆರೆಯವರು ಸಮಾಧಾನ ಹೇಳಿದರು. ನಾನು ಸುಮ್ಮನಿದ್ದೆ. ಊರಲ್ಲಿ ಅಂಥ ಗಾಡಿ ಬಿಚ್ಚಿ ನೋಡುವವರಿಲ್ಲದ್ದರಿಂದ ಎಲ್ಲವನ್ನೂ ನಾನೇ ಮಾಡಿಕೊಳ್ಳುತ್ತಿದ್ದೆ. ಬೀಳುವ ಹಿಂದಿನ ದಿನ ಬ್ರೇಕಿನ ನಟ್ಟು ಬಿಗಿ ಮಾಡಿದವನೂ ನಾನೇ. ಅದಕ್ಕೆ ಮೊದಲು ಕಾಲಿಟ್ಟರೆ ಪೆಡಲ್ಲು ಸ್ವಲ್ಪ ಸುಮ್ಮನೆ ಕೆಳಗಿಳಿದು ಆಮೇಲೆ ಹಿಡಿಯುತ್ತಿತ್ತು. ಅದು ದೋಷವೆಂದುಕೊಂಡಿದ್ದೆ. ನಾವು ಬಿದ್ದದ್ದು ನನ್ನ ಕೈಯಿಂದಲೋ, ಗಾಡಿಯ ಮುಪ್ಪಿನಿಂದಲೋ? ಅದು ತಿಳಿಯದೆ ಹೆಂಡತಿಯ ಮುಖ ನೋಡುವುದು ಕಷ್ಟವಾಗಿತ್ತು.

ಹಳೆಯ ಪುಸ್ತಕ ಮಾರುವ ಸಾಹೇಬರ ಬಳಿ ಇಂಗ್ಲಿಷಿನ ಎರಡು ಪುಸ್ತಕಗಳಿದ್ದವು. ದಪ್ಪನೆಯದರಲ್ಲಿ ನುಣುಪು ಕಾಗದ, ನನ್ನ ಗಾಡಿಯದೇ ಫೋಟೊ. ತೆಳ್ಳನೆಯದಕ್ಕೆ ರಟ್ಟೇ ಇರಲಿಲ್ಲ. ಪುಟಗಳ ತುಂಬ ಎಣ್ಣೆಯ ಬೆರಳಚ್ಚು.

“ದಪ್ಪಂದ ಒಯ್ರಿ ಮಾಸ್ತರ್ರ. ಇದನ್ನ ಓದೂದಕ್ಕಿಂತ ಹಿಂಡಿದ್ರ ಎಣ್ಣಿ ದೀಪಕ್ಕರ ಆಗತೈತಿ,” ಎಂದರು ಸಾಹೇಬರು.

ಎರಡರಲ್ಲೂ ಬ್ರೇಕಿನ ಪುಟ ತೆಗೆದೆ. ದಪ್ಪನೆಯದು ಬ್ರೇಕನ್ನು ಸರಿಯಾಗಿ ಹೊಂದಿಸಿಕೊಳ್ಳಿ ಎಂದು ಹೇಳಿ ಮುಂದಿನ ಫೋಟೊಗೆ ಹೋಗಿತ್ತು. ಸರಿ ಎಂದರೆ ಎಷ್ಟು ಎಂಬುದಿರಲಿಲ್ಲ. ತೆಳ್ಳನೆಯದು ಪೆಡಲ್ಲಿಗೆ ಅರ್ಧ ಇಂಚು ‘ಪ್ಲೇ’ ಇರಲಿ ಎಂದಿತ್ತು. ಸಾಲೆಯಲ್ಲಿ ಇಂಗ್ಲಿಷು ಕಲಿಸುತ್ತಿದ್ದ ನನಗೆ ಆ ಪದಕ್ಕೆ ಆಟ, ನಾಟಕ ಎರಡೇ ಅರ್ಥ ಗೊತ್ತಿದ್ದವು. ಸಾಹೇಬರಿಗೆ ಹೇಳಿದೆ. ಅವರು ತಮ್ಮ ಮುಂದಿನ ಹಲ್ಲೊಂದನ್ನು ಬೆರಳಿನಿಂದ ಅಲುಗಿಸಿ ತೋರಿಸಿದರು.

“ಹಲ್ಲು ಆಡಾಕತ್ತೈತಿ ಅಂತೀವಲ್ರಿ, ಆ ಆಟ ಇರಬೇಕು.”

ಆ ಅರ್ಥ ಹಿಡಿದುಕೊಂಡು ಮುಂದಿನ ಸಾಲು ಓದಿದೆ. ಆ ಆಟವಿಲ್ಲದಿದ್ದರೆ ಕಾಲು ತೆಗೆದರೂ ಬ್ರೇಕು ಬಿಡುವುದಿಲ್ಲ. ಉಜ್ಜಿ ಉಜ್ಜಿ ಕಾದು ಚಕ್ರ ನಿಂತುಬಿಡುತ್ತದೆ. ಮೂರು ಸಲ ಓದಿದೆ. ನಾವು ಬಿದ್ದದ್ದು ನನ್ನ ಕೈಯಿಂದಲೇ. ಆದರೂ ಬಿಗಿಯಾದದ್ದೇ ಭದ್ರವೆಂದು ನಂಬಿದ್ದವನಿಗೆ, ಇನ್ನೂ ಎಲ್ಲೆಲ್ಲಿ ಹೀಗೆ ಸಡಿಲ ಬಿಟ್ಟಿದ್ದಾರೋ ನೋಡಬೇಕೆನಿಸಿತು. ಚೈನಿನ ಪುಟ ತಿರುವಿದೆ, ಅಲ್ಲೂ ಇತ್ತು. ಕ್ಲಚ್ಚಿನಲ್ಲೂ ಇತ್ತು. ಎಣ್ಣೆಯ ಪುಸ್ತಕವನ್ನೇ ತಂದೆ.

ಮನೆಯಲ್ಲಿ ನಟ್ಟು ಸಡಿಲಿಸಿ, ಅಳತೆಪಟ್ಟಿ ಹಿಡಿದು ಅರ್ಧ ಇಂಚು ನೋಡಿದೆ. ಹೆಂಡತಿಯನ್ನು ಕರೆದು ಆ ಸಾಲುಗಳನ್ನು ಕನ್ನಡದಲ್ಲಿ ಹೇಳಿದೆ. ಅವಳು ಕುಕ್ಕರಗಾಲಲ್ಲಿ ಕುಳಿತು ಎಡಗೈಯಿಂದ ಪೆಡಲ್ಲನ್ನು ಒತ್ತಿದಳು.

“ಇಷ್ಟು ಮೊದಲ ಇತ್ತೇನ್ರಿ?”

“ಇತ್ತು. ನಾನ ತಗದೆ.”

ಅವಳು ಇನ್ನೆರಡು ಸಲ ಒತ್ತಿ ನೋಡಿದಳು.

“ಹಂಗಾದ್ರ ಮಂದಿ ಗಾಡಿ ಹಳೇದು ಅಂದಾಗ ಸುಮ್ಮನ ಕೂಡಬ್ಯಾಡ್ರಿ. ನಾ ಬಿಗಿ ಮಾಡಿದ್ದೆ ಅಂತ ಹೇಳ್ರಿ.”

ಮರುದಿನ ಅವಳ ಕೈ ವಿಚಾರಿಸಲು ಬಂದ ನೆರೆಯವರಿಗೆ ಮೊದಲು ಅದನ್ನೇ ಹೇಳಿದೆ. ಅವರು ನಂಬಲಿಲ್ಲ. ಪುಸ್ತಕ ತೆಗೆದು ಓದಿ ತೋರಿಸಿದೆ.