ಒಲೆ ಹಚ್ಚದ ಅಡುಗೆಯವಳು

ನನ್ನ ಅಕ್ಕ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಅಪರಿಚಿತ ಹೆಂಗಸೊಬ್ಬಳ ಫೋನಿನಿಂದ. ಮಂಗಳವಾರ, ಬೆಳಗ್ಗೆ ಆರು ಗಂಟೆ ಹತ್ತು ನಿಮಿಷ. "ನೀವು ಈ ಮನೆ ಅಮ್ಮನ ತಮ್ಮನಾ? ನಾನು ನಾಯಿಗೆ ಊಟ ತಂದುಕೊಡೋಳು. ಎಷ್ಟು ತಟ್ಟಿದ್ರೂ ಬಾಗಿಲು ತೆಗೀತಿಲ್ಲ. ಒಳಗೆ ನಾಯಿ ಒಂದೇ ಸಮನೆ ಅಳ್ತಿದೆ. ಬೇಗ ಬನ್ನಿ." ನಾನು ಹೋಗುವಷ್ಟರಲ್ಲಿ ನೆರೆಯವರು ಬಾಗಿಲು ತೆರೆಸಿದ್ದರು. ಅಕ್ಕ ನಿದ್ದೆಯಲ್ಲೇ ದೇವರ ಬಳಿ ಹೋಗಿದ್ದಳು. ಫೋನು ಮಾಡಿದಾಕೆ ಮೆಟ್ಟಿಲ ಮೇಲೆ ಸ್ಟೀಲಿನ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಆಕೆಯ ಬಗ್ಗೆ ಬರೆಯಬೇಕೆಂದು ಅಂದೇ ಅನಿಸಿತು ಎಂದರೆ ಸುಳ್ಳಾದೀತು. ಅನಿಸಿದ್ದು ಐದನೆಯ ದಿನ. ಅದನ್ನು ಹೇಳುವ ಮೊದಲು ಆಕೆಯ ಕೆಲಸವನ್ನು ಒಮ್ಮೆ ನೋಡಿ ಬರೋಣ.

ಬೆಳಗಿನ ನಾಲ್ಕೂವರೆ. ಮಾಂಸದ ಅಂಗಡಿಯ ಹಿಂಬದಿಯಲ್ಲಿ ಬಿಳಿ ಟೈಲ್ಸಿನ ಒಂದು ಸಣ್ಣ ಕೋಣೆ. ಎರಡು ಫ್ರೀಜರು, ಒಂದು ರುಬ್ಬುವ ಯಂತ್ರ, ಒಂದು ತಕ್ಕಡಿ. ಒಲೆ ಇಲ್ಲ. ಗಂಡ ಕಡಿಯುತ್ತಾನೆ, ಹೆಂಡತಿ ತೂಗುತ್ತಾಳೆ. ಕೋಳಿಯ ಕತ್ತು, ಕುರಿಯ ಹೃದಯ, ಈಲಿ ಅಂದರೆ ಲಿವರ್, ಎಲ್ಲವೂ ಹಸಿಹಸಿ. ಬೀದಿಯವರೆಲ್ಲ ಆಕೆಯನ್ನು ಕರೆಯುವುದು 'ತೂಕದಕ್ಕ' ಎಂದು. ಚಿಟಿಕೆಯಷ್ಟು ಈಲಿ ಹೆಚ್ಚಾದರೂ ಬೆರಳ ತುದಿಯಿಂದ ಹಿಂದಕ್ಕೆ ತೆಗೆಯುತ್ತಾಳೆ.

"ಈಲಿ ಜಾಸ್ತಿ ಆದ್ರೆ ಹೊಟ್ಟೆ ಕೆಡುತ್ತೆ. ಮೂಳೆ ಜಾಸ್ತಿ ಆದ್ರೆ ಮಲ ಕಟ್ಕೊಳುತ್ತೆ. ನಾಯಿ ಬಾಯಿ ಬಿಟ್ಟು ಹೇಳಲ್ಲ ನೋಡಿ, ನಾವೇ ಲೆಕ್ಕ ಇಡ್ಬೇಕು."

"ನನ್ನ ತಟ್ಟೆಗೆ ಬಡಿಸುವಾಗ ಇವಳು ಒಂದು ದಿನಾನೂ ತಕ್ಕಡಿ ನೋಡಿದ್ದಿಲ್ಲ ಸಾರ್" ಎಂದು ಗಂಡ ದೂರುತ್ತಾನೆ. "ನಾನೂ ಒಮ್ಮೆ ಬೊಗಳಿ ನೋಡ್ಬೇಕು."

"ದಿನಾ ಅದನ್ನೇ ಮಾಡ್ತಿದ್ದೀರಲ್ಲ, ಹೊಸದಾಗಿ ಏನು ನೋಡೋದು?"

ಇಪ್ಪತ್ತೆರಡು ವರ್ಷ ಆಕೆ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ರೋಗಿಗಳ ಊಟ ತೂಗುತ್ತಿದ್ದಳು. ಉಪ್ಪು ಬೇಡದವರಿಗೊಂದು ತಟ್ಟೆ, ಸಕ್ಕರೆ ಬೇಡದವರಿಗೊಂದು ತಟ್ಟೆ. ಒಂದು ದಿನ ಅಡುಗೆಮನೆಯನ್ನೇ ಮುಚ್ಚಿ, ಹೊರಗಿನಿಂದ ಊಟ ತರಿಸತೊಡಗಿದರು. ಮನೆಯಲ್ಲಿ ಕೂತವಳಿಗೆ ಕೈ ಓಡಲಿಲ್ಲ. ಗಂಡನ ಅಂಗಡಿಗೆ ಬರುವ ಗಿರಾಕಿಗಳು ನಾಯಿಗೆಂದು ಹಸಿ ಮಾಂಸವನ್ನು ಅಂದಾಜಿನ ಮೇಲೆ ಒಯ್ಯುವುದನ್ನು ಕಂಡು ಜೀವ ತಡೆಯಲಿಲ್ಲ. ಪಶುವೈದ್ಯರ ಬಳಿ ಮೂರು ತಿಂಗಳು ಹೋಗಿ, ಕೇಳಿ, ಬರೆದುಕೊಂಡು ಬಂದಳು. "ಡಾಕ್ಟರು ಕೊನೆಗೆ ನನ್ನ ಮುಖ ಕಂಡ್ರೆ ಕುರ್ಚಿ ಬಿಟ್ಟು ಏಳೋರು" ಎಂದು ನಗುತ್ತಾಳೆ.

ಈಗ ದಿನಕ್ಕೆ ಇಪ್ಪತ್ತಾರು ನಾಯಿ, ಹತ್ತೊಂಬತ್ತು ಕಿಲೋ ಮಾಂಸ, ಸೈಕಲ್ಲಿನ ಮೇಲೆ ಒಂಬತ್ತು ಬೀದಿ. ಪ್ರತಿ ನಾಯಿಗೂ ಒಂದು ಕಾರ್ಡು: ತೂಕ, ವಯಸ್ಸು, ಒಗ್ಗದ್ದು, ತುರ್ತಿಗೆ ಯಾರಿಗೆ ಹೇಳಬೇಕು ಎಂಬುದು. ನನ್ನ ನಂಬರು ಆಕೆಗೆ ಸಿಕ್ಕಿದ್ದು ಅಲ್ಲಿಂದಲೇ. ಹಸಿ ಮಾಂಸ ಒಗ್ಗದ ನಾಯಿಯಾದರೆ, ಮನೆಯಲ್ಲಿ ಹಸಿ ಮಾಂಸದ ಸೋಂಕು ತಗುಲಬಹುದಾದ ಅಂಬೆಗಾಲಿಡುವ ಮಗುವಿದ್ದರೆ, ಗಿರಾಕಿಯನ್ನು ಮುಲಾಜಿಲ್ಲದೆ ವಾಪಸು ಕಳಿಸುತ್ತಾಳೆ. ಮರುದಿನ ಬೆಳಗ್ಗೆ ಹಿಂದಿನ ದಿನದ ಖಾಲಿ ಡಬ್ಬಿ ಕೈಗೆ ಬಂದೊಡನೆ ಮುಚ್ಚಳ ತೆಗೆದು ಮೂಸುತ್ತಾಳೆ. ನಾಯಿ ತಿಂದಿತೋ, ಮನೆಯವರು ಚೆಲ್ಲಿದರೋ ಅದರಲ್ಲೇ ಗೊತ್ತಾಗುತ್ತದಂತೆ.

ಅಕ್ಕನ ನಾಯಿಗೆ ಹನ್ನೊಂದು ವರ್ಷ. ಹೆಸರು 'ಮುದುಕ', ಮರಿಯಿದ್ದಾಗಲೇ ಹಣೆಯಲ್ಲಿ ಸುಕ್ಕಿತ್ತೆಂದು ಅಕ್ಕ ಇಟ್ಟದ್ದು. "ನಾನು ಹೋದ್ರೆ ಇವನನ್ನ ನೋಡ್ಕೋತೀಯಾ ತಾನೇ?" ಎಂದು ಆಕೆ ಕೇಳಿದಾಗಲೆಲ್ಲ "ಆಗಲಿ ಬಿಡು" ಎನ್ನುತ್ತಿದ್ದೆ. ಕೊಟ್ಟ ಮಾತಿನ ಭಾರ ತಿಳಿದದ್ದು ಆಮೇಲೆ. ಮಂಗಳವಾರದಿಂದ ಶುಕ್ರವಾರದವರೆಗೆ ಮುದುಕ ನೀರಷ್ಟೇ ಕುಡಿದ. ಡಬ್ಬಿಯ ಮಾಂಸವನ್ನು ತಟ್ಟೆಗೆ ಸುರಿದು ಮುಂದಿಟ್ಟರೆ, ಕೂತಲ್ಲೇ ಕೂತು ನನ್ನ ಮುಖ ನೋಡುತ್ತಿದ್ದ. ಬುಧವಾರ, ಗುರುವಾರ, ಶುಕ್ರವಾರ ಹಿಂದಿನ ದಿನದ ಡಬ್ಬಿಗಳು ತುಂಬಿದಂತೆಯೇ ಹಿಂದಿರುಗಿದವು. ನಾಳೆಯೂ ತಿನ್ನದಿದ್ದರೆ ಈ ವಯಸ್ಸಿಗೆ ಉಳಿಯುವುದು ಕಷ್ಟವೆಂದರು ಪಶುವೈದ್ಯರು.

ಶನಿವಾರ ಬೆಳಗ್ಗೆ ತೂಕದಕ್ಕ ಬಾಗಿಲಲ್ಲಿ ನಿಲ್ಲಲಿಲ್ಲ. ನೇರವಾಗಿ ಅಡುಗೆಮನೆಗೆ ನುಗ್ಗಿದಳು. ಒಲೆಯ ಮೇಲೆ ಪಾತ್ರೆ. ಹಸಿಯದು ಸೇರುತ್ತಿಲ್ಲವೇನೋ ಎಂದು ಶುಕ್ರವಾರದ ಡಬ್ಬಿಯಲ್ಲಿದ್ದ ಕೋಳಿಯ ಕತ್ತುಗಳನ್ನು ನಾನು ಕುದಿಯಲು ಇಟ್ಟಿದ್ದೆ.

"ಅಯ್ಯೋ ಯಜಮಾನ್ರೇ, ಏನು ಮಾಡ್ತಿದ್ದೀರಾ! ಹಸಿ ಮೂಳೆ ಪುಡಿಯಾಗುತ್ತೆ, ಬೆಂದ ಮೂಳೆ ಸೂಜಿಯಾಗುತ್ತೆ. ಇದು ಹೊಟ್ಟೆಗೆ ಹೋದ್ರೆ ಮುದುಕನ ಕಥೆ ಮುಗೀತು!" ಎಂದವಳೇ ಪಾತ್ರೆಯನ್ನು ಇಳಿಸಿ, ಕತ್ತುಗಳನ್ನೆಲ್ಲ ಕಸದ ಡಬ್ಬಿಗೆ ಸುರಿದಳು.

ಕೈ ತೊಳೆದುಕೊಂಡು, ಹೊಸ ಡಬ್ಬಿಯಿಂದ ಮುನ್ನೂರೈವತ್ತು ಗ್ರಾಮ್ ಮಾಂಸವನ್ನು ತಟ್ಟೆಗೆ ಹಾಕಿಟ್ಟಳು. ಮುದುಕ ಅಲುಗಲಿಲ್ಲ. ಬಾಯಿಂದ ಮಾತ್ರ ಜೊಲ್ಲು ಇಳಿಯುತ್ತಿತ್ತು. ಆಕೆ ಅದನ್ನು ನೋಡಿದಳು, ನನ್ನನ್ನು ನೋಡಿದಳು.

"ಹಸಿವಿದೆ ಇವನಿಗೆ. ಅಮ್ಮ ಹೇಳ್ತಿದ್ದ ಮಾತು ಹೇಳಿದ್ರಾ ನೀವು?"

"ಯಾವ ಮಾತು?"

"ಪ್ರಾರ್ಥನೆ! ಎಂಟು ವರ್ಷ ಡಬ್ಬಿ ಕೊಟ್ಟು, ಖಾಲಿ ಡಬ್ಬಿಗೆ ಕಾಯ್ತಾ ಬಾಗಿಲಾಚೆ ದಿನಾ ಕೇಳಿಸ್ಕೊಂಡಿದ್ದೀನಿ. ತಟ್ಟೆ ಇಟ್ಟು, 'ದೇವರೇ, ಹಸಿದವರ ಹೊಟ್ಟೆಯೆಲ್ಲ ತುಂಬಲಿ' ಅನ್ನೋರು. ಆಮೇಲೆ 'ಹೂಂ, ತಿನ್ನಪ್ಪ'. ಅಲ್ಲೀತನಕ ಇವನು ಮೂತಿ ಇಡ್ತಿರಲಿಲ್ಲ. ಇವನು ಊಟ ಬಿಟ್ಟಿಲ್ಲ ಯಜಮಾನ್ರೇ, ಅಪ್ಪಣೆಗೆ ಕಾಯ್ತಿದ್ದಾನೆ."

"ನೀವೇ ಹೇಳಿಬಿಡಿ."

"ನಾನು ಬಾಗಿಲಾಚೆಯೋಳು. ಮನೆಯೋರು ಹೇಳ್ಬೇಕು."

ನಾಲ್ಕು ದಿನ ಆ ಮನೆಯಲ್ಲೇ ಕೂತು ಅಕ್ಕನಿಗಾಗಿ ಮೌನವಾಗಿ ಪ್ರಾರ್ಥಿಸಿದ್ದೆ. ಆದರೆ ಹಸಿ ಮಾಂಸದ ಮುಂದೆ ದೇವರ ಹೆಸರೆತ್ತಬಹುದೆಂಬುದು ನನ್ನ ಬುದ್ಧಿಗೆ ಹೊಳೆದಿರಲಿಲ್ಲ. ಮಂಡಿ ಹಿಡಿದುಕೊಂಡು ನೆಲದ ಮೇಲೆ ಕೂತೆ. "ದೇವರೇ, ಹಸಿದವರ ಹೊಟ್ಟೆಯೆಲ್ಲ ತುಂಬಲಿ" ಎಂದೆ. ಮುದುಕನ ಕಿವಿ ನಿಮಿರಿತು. "ಹೂಂ, ತಿನ್ನಪ್ಪ."

ಎದ್ದ! ಎದ್ದು ತಟ್ಟೆಗೆ ಮುಖವಿಟ್ಟ! ಹಲ್ಲಿಗೆ ಸಿಕ್ಕ ಮೂಳೆ ಕಟಕಟನೆ ಮುರಿಯುವ ಸದ್ದು ಮನೆಯೆಲ್ಲ ತುಂಬಿತು. ಮಾಂಸ ಮುಗಿದ ಮೇಲೂ ತಟ್ಟೆಯನ್ನು ಗೋಡೆಯವರೆಗೆ ತಳ್ಳಿಕೊಂಡು ಹೋಗಿ ನೆಕ್ಕಿದ. ತೂಕದಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕುಣಿದೇಬಿಟ್ಟಳು. "ಇನ್ನೂ ಐವತ್ತು ಗ್ರಾಮ್ ಹಾಕಲಾ?" ಎಂದಳು. ಆಮೇಲೆ ತಾನೇ, "ಬೇಡ ಬೇಡ, ನಾಲ್ಕು ದಿನ ಖಾಲಿಯಿದ್ದ ಹೊಟ್ಟೆ" ಎಂದು ಡಬ್ಬಿ ಮುಚ್ಚಿದಳು.

ನಿಮಗೇನು ಬೇಕಮ್ಮ ಎಂದು ಈ ಬರಹಕ್ಕಾಗಿ ಕೇಳಿದರೆ, ಆಕೆ ಅಂದಿನ ಡಬ್ಬಿಯ ಮುಚ್ಚಳ ತೆಗೆದು ಮೂಸುತ್ತ ಹೇಳುತ್ತಾಳೆ: "ಕೊಟ್ಟಿದ್ದು ಖಾಲಿಯಾಗಿ ವಾಪಸ್ ಬಂದ್ರೆ ಸಾಕು. ಅಷ್ಟೇ."

ಈಗ ದಿನವೂ ಬೆಳಗ್ಗೆ ಆರೂಕಾಲಿಗೆ ಆ ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ, ಬಾಗಿಲಾಚೆಗೂ ಕೇಳಿಸುವಂತೆ. ಅದಕ್ಕೆ ನನ್ನದೊಂದು ಮಾತು ಸೇರಿಸಿದ್ದೇನೆ. ಮುದುಕ ಅದಕ್ಕೂ ಕಾಯುವುದನ್ನು ಕಲಿತಿದ್ದಾನೆ: ದೇವರೇ, ಹಸಿದವರ ಹೊಟ್ಟೆಯೆಲ್ಲ ತುಂಬಲಿ, ಇಷ್ಟು ದಿನ ತುಂಬಿಸಿದ ನನ್ನ ಅಕ್ಕನಿಗೆ ನಿನ್ನ ಬಳಿ ನೆಮ್ಮದಿ ಸಿಗಲಿ.